ಕನ್ನಡ ಸಾಹಿತ್ಯಪಾಠದ ಪರಿಕರಗಳು: ಓಲೆಗರಿಯಿಂದ ಅಂತರ್ಜಾಲದವರೆಗೆ

ಸಾಹಿತ್ಯಪಾಠಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದುದು ಮೂಲಗ್ರಂಥವೆಂಬುದು ಹೇಳಬೇಕಾದ ಮಾತೇ ಅಲ್ಲವೆಂದು ವಾಚಕ ಮಹಾಶಯರಿಗೆ ತೋರಬಹುದು. ಆದರೆ ಕನ್ನಡದ ಚರಿತ್ರೆಯಲ್ಲಿ ಅಧ್ಯಾಪಕನ ಕೈಗೆ ಮೂಲಗ್ರಂಥವು ಸುಲಭವಾಗಿ ಎಟುಕಿದ ಕಾಲವು ಬಹಳ ಅಲ್ಪವಾದುದು. ನಾಲ್ಕು ದಶಕಗಳ ಹಿಂದೆ ದಕ್ಷಿಣ ಬೆಂಗಳೂರಿನ ಒಂದು ಕಾಲೇಜಿನಲ್ಲಿ ನಾನು ವಿದ್ಯಾರ್ಥಿಯಾಗಿದ್ದಾಗ, ಪಠ್ಯಭಾಗದಿಂದಾಚೆಗಿನ ಒಂದು ಪದ್ಯವನ್ನು ತೋರಿಸಬೇಕಾದರೆ ನಮ್ಮ ಗುರುಗಳು ಪುಸ್ತಕಭಂಡಾರದಲ್ಲಿದ್ದ ಒಂದೇ ಪ್ರತಿಯನ್ನು ತರಿಸಿ, ತರಗತಿಯ ಮೊದಲ ಹತ್ತು ನಿಮಿಷವನ್ನು ಅದನ್ನು ಕರಿಹಲಗೆಯ ಮೇಲೆ ಬರೆಯುವುದರಲ್ಲಿಯೇ ಕಳೆಯುತ್ತಿದ್ದರು. ನಾವು ಅದನ್ನು ನಕಲು ಮಾಡಿಕೊಳ್ಳುತ್ತಿದ್ದೆವು. ನಕಲಿನಲ್ಲಿ ತಪ್ಪುಗಳು ಸೇರುತ್ತಿದ್ದುವು. ಆ ತಪ್ಪುಗಳೊಡನೆಯೇ ಪರೀಕ್ಷೆಗೆ ಹೋಗುತ್ತಿದ್ದೆವು. ಓಲೆಗರಿಯ ಕಾಲದ ಲಿಪಿಕಾರನ ಪಾಡು ನಮ್ಮ ಪಾಡಿಗಿಂತ ಬಹಳ ಬೇರೆಯಾಗಿರಲಿಲ್ಲವೆಂದು ಈಗ ತೋರುತ್ತದೆ.

ಇಂದು ಅದೇ ಜಯನಗರ, ಬನಶಂಕರಿಗಳ ಮನೆಗಳಲ್ಲಿ ಶಾಲೆಗೆ ಹೋಗುವ ಹುಡುಗಿಯೊಬ್ಬಳು ಅಂಗೈಯಗಲದ ಯಂತ್ರದಲ್ಲಿ ಪಂಪನನ್ನೂ ಬಸವಣ್ಣನವರನ್ನೂ ತೆರೆಯಬಲ್ಲಳು. ಈ ಮಾರ್ಪಾಡು ಯಾವ ಬಗೆಯಿಂದ ಒದಗಿತು, ಯಾರ ದುಡಿಮೆಯ ಫಲವಿದು, ಇದರಲ್ಲಿ ಗಟ್ಟಿಯಾವುದು ಜಳ್ಳಾವುದು ಎಂಬುದನ್ನು ಕನ್ನಡದ ಪಾಠ ಹೇಳುವವರೂ ಮಕ್ಕಳಿಗೆ ಮನೆಯಲ್ಲಿ ಕನ್ನಡ ಕಲಿಸುವ ತಾಯಿತಂದೆಗಳೂ ಅರಿತಿರುವುದು ಅವಶ್ಯವೆಂದು ಬಗೆದು ಇದನ್ನು ಬರೆಯಲಾಗಿದೆ.

ಗ್ರಂಥವನ್ನು ಹಂಚುವುದು ನಮ್ಮಲ್ಲಿ ಹಳೆಯ ಪುಣ್ಯಕಾರ್ಯ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಕನ್ನಡ ಬಲ್ಲವರೆಲ್ಲರೂ ಕೇಳಿರುವರು. ಆಕೆಯ ಆಶ್ರಯದಲ್ಲಿದ್ದ ರನ್ನನು ಅಜಿತಪುರಾಣವನ್ನು ಮುಗಿಸಿದುದು ಕ್ರಿ. ಶ. ೯೯೩ರಲ್ಲಿ. ಜೈನರು ಇದನ್ನು ಶಾಸ್ತ್ರದಾನವೆಂದು ಕರೆದು, ಅನ್ನದಾನ ಔಷಧದಾನಗಳ ಸಾಲಿನಲ್ಲಿಯೇ ಎಣಿಸಿದರು. ಒಂದೊಂದು ಪ್ರತಿಗೂ ಗರಿಗಳನ್ನು ಹದಮಾಡಿ, ಕಂಠದಿಂದ ಕೊರೆದು, ಮಸಿಯನ್ನು ತೀಡಬೇಕಾಗಿದ್ದ ಕಾಲದಲ್ಲಿ ಸಾವಿರವೆಂಬ ಸಂಖ್ಯೆ ಎಷ್ಟು ದೊಡ್ಡದೆಂಬುದನ್ನು ಊಹಿಸಿಕೊಳ್ಳಬೇಕು. ಆದರೂ ಇಂತಹ ದಾನ ಎಲ್ಲ ಕಾವ್ಯಗಳಿಗೂ ದೊರೆಯಲಿಲ್ಲ. ಎಷ್ಟೋ ಗ್ರಂಥಗಳು ಹೆಸರುಮಾತ್ರವಾಗಿ ಉಳಿದುವು. ಉಳಿದವು ಮಠಗಳಲ್ಲಿ, ಬಸದಿಗಳಲ್ಲಿ, ಮನೆಗಳ ಅಟ್ಟಗಳಲ್ಲಿ ಕಟ್ಟುಗಳಾಗಿ ಕುಳಿತುವು.

ಅಚ್ಚಿನ ಯಂತ್ರ ಬಂದೊಡನೆ ಎಲ್ಲವೂ ಬೆಳಕಿಗೆ ಬಂದಿತೆಂದು ತಿಳಿಯಬಾರದು. ರೈಸ್ ದೊರೆಗಳು 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ನಾಗವರ್ಮನ ಕರ್ಣಾಟಕ ಭಾಷಾಭೂಷಣವನ್ನು ಹೊರತಂದುದು ೧೮೮೪ರಲ್ಲಿ. ಪಂಪಭಾರತವೂ, ಕೆ. ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗವೂ ಅಚ್ಚಾದುದು ೧೮೯೮ರಲ್ಲಿ. ಎಂದರೆ, ಹತ್ತೊಂಬತ್ತನೆಯ ಶತಮಾನವು ಮುಗಿಯಲು ಎರಡು ವರ್ಷ ಉಳಿದಿದ್ದಾಗಲೂ ಆದಿಕವಿಯನ್ನು ಅಚ್ಚಿನ ಪುಸ್ತಕದಿಂದ ಪಾಠ ಹೇಳಿದ ಅಧ್ಯಾಪಕನು ಕನ್ನಡನಾಡಿನಲ್ಲಿ ಒಬ್ಬನಾದರೂ ಇದ್ದಿರಲಾರನು. ಎಂ. ಎ. ರಾಮಾನುಜಯ್ಯಂಗಾರ್ಯರು ಕಾವ್ಯಮಂಜರಿ, ಕಾವ್ಯಕಲಾನಿಧಿಗಳ ಮೂಲಕ ಹಲವು ಕಾವ್ಯಗಳನ್ನು ಬಿಡಿಸಿಕೊಟ್ಟರು. ಆರ್. ನರಸಿಂಹಾಚಾರ್ಯರ ಕವಿಚರಿತೆಯ ಮೊದಲ ಸಂಪುಟ ೧೯೦೭ರಲ್ಲಿ ಬಂದಿತು. ಸಾಹಿತ್ಯ ಪರಿಷತ್ತು ಬೆಂಗಳೂರಿನಲ್ಲಿ ಸ್ಥಾಪಿತವಾದುದು ೧೯೧೫ರಲ್ಲಿ. ವಚನಗಳ ಪಾಡು ಇನ್ನೂ ಈಚಿನದು. ವಿಜಾಪುರದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಓಲೆಕಟ್ಟುಗಳನ್ನು ಕೂಡಿಹಾಕಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ೧೯೨೩ರಲ್ಲಿ ಹೊರತಂದರು. ಮುಂದೆ ತಮ್ಮದೇ ಆದ ಮುದ್ರಣಾಲಯವನ್ನು ಹೂಡಲು ಮನೆಯನ್ನೇ ಮಾರಿದರೆಂಬುದು ಪ್ರಸಿದ್ಧವಾದ ಸಂಗತಿ. ಇಂದು ಗುಂಡಿಯೊತ್ತಿದೊಡನೆ ಕಣ್ಣೆದುರು ನಿಲ್ಲುವ ಪ್ರತಿಯೊಂದು ವಚನದ ಹಿಂದೆಯೂ ಆ ತಿರುಗಾಟವಿದೆ. ಜಾಲದವರು ಹೊಸದಾಗಿ ಏನನ್ನೂ ಕಂಡುಹಿಡಿದವರಲ್ಲ. ಹಳಕಟ್ಟಿಯವರ ಸಾಲವನ್ನೇ ಹಂಚುತ್ತಿರುವರು.

ಇನ್ನು ನಿಘಂಟಿನ ವಿಷಯ. ಇದು ನಮ್ಮ ಭಾಗದ ಬೆಂಗಳೂರಿಗೆ ವಿಶೇಷವಾಗಿ ಸಂಬಂಧಿಸಿದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುವುದನ್ನು ವಾಚಕರು ಮನ್ನಿಸಬೇಕು. ಕಿಟ್ಟೆಲ್ ಪಂಡಿತರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ೧೮೯೪ರಲ್ಲಿ ಹೊರಬಿದ್ದಿತು. ಕನ್ನಡದಿಂದ ಕನ್ನಡಕ್ಕೇ ಅರ್ಥ ಹೇಳುವ ದೊಡ್ಡ ನಿಘಂಟಿಗಾಗಿ ಮಾತ್ರ ಬಹಳ ಕಾಲ ಕಾಯಬೇಕಾಯಿತು. ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿ ೧೯೭೦ರಿಂದ ೧೯೯೫ರವರೆಗೆ ಪ್ರಕಟವಾಯಿತು. ಆ ಮಹಾಕಾರ್ಯದ ಮುಖ್ಯ ಸಂಪಾದಕರಲ್ಲೊಬ್ಬರೂ ಬಹುಕಾಲ ವಿಜಯಾ ಕಾಲೇಜಿನಲ್ಲಿ ಅಧ್ಯಾಪಕರೂ ಆಗಿದ್ದ ಜಿ. ವೆಂಕಟಸುಬ್ಬಯ್ಯನವರು ಜಯನಗರದ ನಿವಾಸಿಗಳು. ೧೯೧೩ರಲ್ಲಿ ಹುಟ್ಟಿ ೨೦೨೧ರ ಏಪ್ರಿಲ್ ತಿಂಗಳಲ್ಲಿ, ನೂರೇಳು ತುಂಬಿದ ವಯಸ್ಸಿನಲ್ಲಿ ತೀರಿಕೊಂಡರು. ಪ್ರಜಾವಾಣಿ ಪತ್ರಿಕೆಯಲ್ಲಿ ೧೯೯೧ರಿಂದ ಅವರು ನಡೆಸಿದ 'ಇಗೋ ಕನ್ನಡ' ಅಂಕಣವು, ಈಗಿನವರ ಭಾಷೆಯಲ್ಲಿ ಹೇಳುವುದಾದರೆ, ಜಾಲವಿಲ್ಲದ ಕಾಲದ ಜಾಲಸೇವೆಯಾಗಿದ್ದಿತು: ಊರೂರುಗಳಿಂದ ಓದುಗರು ಒಂದೊಂದು ಪದವನ್ನು ಕುರಿತು ಪ್ರಶ್ನೆ ಕಳುಹಿಸುವರು, ಜಯನಗರದಿಂದ ಪದದ ಮೂಲ, ರೂಪ, ಪ್ರಯೋಗಗಳೊಡನೆ ಉತ್ತರ ಬರುವುದು. ಪ್ರಶ್ನೆ ಕೇಳಿದವನಿಗೆ ಉತ್ತರ ಕೈಸೇರಲು ವಾರಗಳು ಹಿಡಿಯುತ್ತಿದ್ದುವು; ಆದರೆ ಆ ಉತ್ತರದ ಹಿಂದೆ ಹೊಣೆ ಹೊತ್ತ ಒಬ್ಬ ಮನುಷ್ಯನಿದ್ದನು. ಈ ಅಂಶವನ್ನು ಮುಂದೆ ಮತ್ತೆ ನೆನೆಯಬೇಕಾಗಿದೆ.

ಜಯನಗರದ ಪಕ್ಕದ ಜೆ. ಪಿ. ನಗರಕ್ಕೂ ನಿಘಂಟಿನ ಚರಿತ್ರೆಯಲ್ಲಿ ಒಂದು ಸ್ಥಾನ ಬಂದಿರುವುದು ಬೆರಗಿನ ವಿಷಯ. ವಿ. ಕೃಷ್ಣರೆಂಬವರು ದಶಕಗಳ ಕಾಲ ಒಬ್ಬರೇ ಕುಳಿತು ಒಂದು ಕನ್ನಡ-ಇಂಗ್ಲಿಷ್ ಪದಕೋಶವನ್ನು ಕಟ್ಟಿದರು. ಒಂದೂವರೆ ಲಕ್ಷ ಪದಗಳು, ಎರಡು ಲಕ್ಷ ನಲವತ್ತು ಸಾವಿರಕ್ಕೆ ಸಮೀಪವಾದ ಅರ್ಥವಿವರಣೆಗಳು. ಒಂಟಿ ಮನುಷ್ಯನ ಕೆಲಸವೆಂದರೆ ನಂಬುವುದು ಕಷ್ಟ. ಇಷ್ಟು ದೊಡ್ಡ ಕೋಶವನ್ನು ಅಚ್ಚುಮಾಡಲು ಯಾವ ಪ್ರಕಾಶಕನೂ ಸುಲಭವಾಗಿ ಮುಂದೆ ಬರುವಂತಿಲ್ಲ. ಜೆ. ಪಿ. ನಗರದಲ್ಲಿ ಕಚೇರಿಯುಳ್ಳ ಜೆರೋಧಾ ಎಂಬ ಷೇರುವ್ಯವಹಾರದ ಸಂಸ್ಥೆಯ ತಂತ್ರಜ್ಞ ಕೈಲಾಶ್ ನಾಧರು ಅದನ್ನು 'ಅಲರ್' ಎಂಬ ಹೆಸರಿನಿಂದ ೨೦೧೯ರಲ್ಲಿ ಜಾಲಕ್ಕೆ ಏರಿಸಿ, ಯಾರು ಬೇಕಾದರೂ ಬಳಸುವಂತೆ ಮುಕ್ತ ಪರವಾನಗಿಯನ್ನು ಜೋಡಿಸಿದರು. ಅಲರ್ ಎಂದರೆ ಹೂವು. ಅರಳು ಎಂಬ ಕ್ರಿಯೆಯೂ ಹೌದು. ಷೇರುಪೇಟೆಯ ಮಗ್ಗುಲಲ್ಲಿ ಇಂತಹ ಹೂವು ಅರಳಿದುದನ್ನು ಕಂಡರೆ ಅತ್ತಿಮಬ್ಬೆಯೂ ದಂಡನಾಯಕರ ಮನೆಯವಳೇ ಆಗಿದ್ದಳೆಂಬುದು ನೆನಪಾಗುವುದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಡೆಯಿಂದ 'ಪದಕಣಜ'ವೆಂಬ ತಾಣವೂ ಉಂಟು. ಅಲ್ಲಿ ಹಲವು ನಿಘಂಟುಗಳನ್ನೂ ಪಾರಿಭಾಷಿಕ ಪದಕೋಶಗಳನ್ನೂ ಒಟ್ಟಿಗೆ ಜಾಲಾಡಬಹುದು. ಹಳಗನ್ನಡದ ಪದಕ್ಕೆ ಪ್ರಯೋಗಸಹಿತವಾದ ಅರ್ಥ ಬೇಕಾದಾಗ ಇಂದಿಗೂ ಕಿಟ್ಟೆಲರನ್ನೂ ಪರಿಷತ್ತಿನ ಸಂಪುಟಗಳನ್ನೂ ಬಿಟ್ಟರೆ ಗತಿಯಿಲ್ಲ. ಹೊಸಗನ್ನಡದ ಪಾಠಕ್ಕೆ ಅಲರ್ ಧಾರಾಳವಾಗಿ ಸಾಕು.

ಗಣಕಯಂತ್ರವು ಕನ್ನಡಕ್ಕೆ ಒಗ್ಗಿದ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುವೆನು. ಲೋಕದ ಎಲ್ಲ ಲಿಪಿಗಳಿಗೂ ಒಂದೊಂದು ಸಂಕೇತವನ್ನು ಕೊಡುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿದ್ದಿತು. ಆದರೆ ನಮ್ಮ ಕಚೇರಿ, ಮುದ್ರಣಾಲಯಗಳಲ್ಲಿ ಬಹುಕಾಲ ನಡೆದುದು ಬೇರೆಯ ರೀತಿ. ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ'ವೂ, ತರುವಾಯ ಕನ್ನಡ ಗಣಕ ಪರಿಷತ್ತಿನಿಂದ ಬಂದ 'ನುಡಿ'ಯೂ ಸಾವಿರಾರು ಮಂದಿಯನ್ನು ಕನ್ನಡ ಬೆರಳಚ್ಚಿಗೆ ತಂದುವು. ಅವುಗಳ ಉಪಕಾರ ದೊಡ್ಡದು. ಆದರೆ ಆಗಿನ ಅಕ್ಷರವಿನ್ಯಾಸಗಳಲ್ಲಿ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಲಾಗಿದ್ದಿತು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಕಾವ್ಯವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುವುದು. ಅದರೊಳಗೆ ಪದವನ್ನು ಹುಡುಕುವುದಂತೂ ಆಗದ ಮಾತು. ಈ ಕಾರಣದಿಂದ ಬೆರಳಚ್ಚಾಗಿದ್ದ ಎಷ್ಟೋ ಗ್ರಂಥಗಳು ಪಾಠಕ್ಕೆ ಒದಗಲಿಲ್ಲ.

ಯೂನಿಕೋಡಿನಲ್ಲಿಯೂ ಒಂದು ತಮಾಷೆಯುಂಟು. ಹಳಗನ್ನಡಕ್ಕೆ ಅವಶ್ಯವಾದ ಱ ಮತ್ತು ೞ ಅಕ್ಷರಗಳೆರಡಕ್ಕೂ ಅಲ್ಲಿ ಸ್ಥಾನ ದೊರೆತಿದೆ. ಆದರೆ ೞಕಾರಕ್ಕೆ ಯಾರೋ ತಿಳಿಯದೆ 'ಫ' ಎಂಬ ಹೆಸರನ್ನು ಕೊಟ್ಟುಬಿಟ್ಟರು! ಒಮ್ಮೆ ಕೊಟ್ಟ ಹೆಸರನ್ನು ತೆಗೆಯಕೂಡದೆಂಬುದು ಆ ಏರ್ಪಾಡಿನ ನಿಯಮವಾದುದರಿಂದ, ತಪ್ಪು ಹೆಸರು ಹಾಗೆಯೇ ನಿಂತು, ಸರಿಯಾದ ಹೆಸರು ಅದರ ಪಕ್ಕದಲ್ಲಿ ಉಪನಾಮವಾಗಿ ಕುಳಿತಿದೆ. ಕೇಶಿರಾಜನು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ಅಕ್ಷರವಾದರೂ ಉಳಿಯಿತಲ್ಲ ಎಂದು ನಾವು ಸಮಾಧಾನ ತಾಳಬೇಕು.

ಪುಸ್ತಕಗಳನ್ನು ಪುಟಪುಟವಾಗಿ ಚಿತ್ರ ತೆಗೆದು ಇಡುವ ಪ್ರಯತ್ನ ದೊಡ್ಡ ಪ್ರಮಾಣದಲ್ಲಿ ಮೊದಲಾದುದು ಈ ಶತಮಾನದ ಆದಿಯಲ್ಲಿ. ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ರಾಜ್ ರೆಡ್ಡಿಯವರು ಹತ್ತು ಲಕ್ಷ ಪುಸ್ತಕಗಳ ಯೋಜನೆಯನ್ನು ಹೂಡಿದಾಗ, ಅದರ ಭಾರತೀಯ ಶಾಖೆಯು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ನರ ನೇತೃತ್ವದಲ್ಲಿ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಎಂದು ರೂಪುಗೊಂಡಿತು. ಕನ್ನಡದ ಅನೇಕ ಪುಸ್ತಕಗಳು ಅದಕ್ಕೆ ಸಿಕ್ಕಿದುದು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಗ್ರಂಥಭಂಡಾರದಲ್ಲಿ. ಇಂದಿಗೂ ಜಾಲದಲ್ಲಿ ಹಳೆಯ ಕನ್ನಡ ಪುಸ್ತಕವೊಂದನ್ನು ತೆರೆದಾಗ ಮೊದಲ ಪುಟಗಳಲ್ಲಿ ಉಸ್ಮಾನಿಯಾದ ಚೀಟಿ ಎದುರಾಗುವುದು ಇದರಿಂದಲೇ. ನಿಜಾಮನ ರಾಜಧಾನಿಯಲ್ಲಿ ಕೂಡಿಟ್ಟ ಕನ್ನಡ ಪುಸ್ತಕಗಳು ಕೊನೆಗೆ ಬನಶಂಕರಿಯ ಹುಡುಗರಿಗೆ ಪಾಠವಾದುವೆಂಬುದು ಚರಿತ್ರೆಯ ವಿಚಿತ್ರಗಳಲ್ಲೊಂದು.

ಆ ಭಂಡಾರಕ್ಕೆ ದೊಡ್ಡ ಎರಡು ಕುಂದುಗಳಿದ್ದುವು. ಒಂದನೆಯದು ಪುಸ್ತಕಗಳ ಹೆಸರು. ಕನ್ನಡದ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ, ಕೆಲಸಗಾರರು ತಮಗೆ ತೋರಿದಂತೆ, ಒಂದು ಸಲ ಬರೆದಂತೆ ಇನ್ನೊಂದು ಸಲ ಬರೆಯದೆ ದಾಖಲಿಸಿದರು. ಪುಸ್ತಕವಿದೆ, ಆದರೆ ಅದರ ಹೆಸರಿನಿಂದ ಅದನ್ನು ಕರೆದರೆ ಓಗೊಡುವುದಿಲ್ಲ. ಮಠದ ಅಟ್ಟದಲ್ಲಿದ್ದ ಕಟ್ಟಿಗೂ ಇದಕ್ಕೂ ಏನು ಭೇದ? ಬೆಂಗಳೂರಿನ 'ಸಂಚಯ' ಬಳಗದವರು ಈ ಗೋಜಲನ್ನು ಬಿಡಿಸಲು ಮನಸ್ಸುಮಾಡಿ, ಸ್ವಯಂಸೇವಕರಿಂದ ಶೀರ್ಷಿಕೆಗಳನ್ನು ಒಂದೊಂದಾಗಿ ಕನ್ನಡ ಲಿಪಿಗೆ ತಿರುಗಿಸಿ 'ಪುಸ್ತಕ ಸಂಚಯ'ವೆಂಬ ಹುಡುಕುತಾಣವನ್ನು ಏರ್ಪಡಿಸಿದರು. ಹೊರಗಿನವರ ಕಣ್ಣಿಗೆ ಬೀಳದ, ಹೆಸರು ತಾರದ ಕೆಲಸವಿದು. ಅಧ್ಯಾಪಕರಿಗೆ ಇದಕ್ಕಿಂತ ಉಪಕಾರವಾದುದನ್ನು ನಾನು ಕಾಣೆನು.

ಎರಡನೆಯ ಕುಂದು ಇನ್ನೂ ಗುರುತರವಾದುದು. ಕೆಲವು ವರ್ಷ ನಡೆದ ಮೇಲೆ ಆ ಮೂಲತಾಣವೇ ಮುಚ್ಚಿಹೋಯಿತು. ಅಷ್ಟರಲ್ಲಿ ಕಾರ್ಲ್ ಮಲಮೂದ್ ಎಂಬ ಅಮೆರಿಕದ ಮಹಾಶಯರು ಅಲ್ಲಿನ ಲಕ್ಷಗಟ್ಟಲೆ ಪುಸ್ತಕಗಳನ್ನು ಸಾನ್‌ಫ್ರಾನ್ಸಿಸ್ಕೋ ನಗರದ 'ಇಂಟರ್ನೆಟ್ ಆರ್ಕೈವ್' ಭಂಡಾರಕ್ಕೆ ನಕಲು ಮಾಡಿಸಿದ್ದರಿಂದ ಅವು ಉಳಿದುವು. ಸರ್ಕಾರದ ಹಣದಿಂದ ನಮ್ಮ ಊರಿನಲ್ಲಿಯೇ ಆದ ಕೆಲಸದ ಪ್ರತಿ ನಮಗೆ ಸಮುದ್ರದಾಚೆಯಿಂದ ದೊರೆಯಬೇಕಾಯಿತು. ಓಲೆಗೆ ಗೆದ್ದಲು, ಕಾಗದಕ್ಕೆ ಹುಳು, ಜಾಲಕ್ಕೆ ಅಲಕ್ಷ್ಯ. ತರುವಾಯ ಖರಗ್‌ಪುರದ ತಂತ್ರಜ್ಞಾನ ಸಂಸ್ಥೆಯು ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು ಕಟ್ಟಿತು. ಅದು ೨೦೧೮ರಲ್ಲಿ ದೇಶಕ್ಕೆ ಅರ್ಪಿತವಾಯಿತು. ಬೆಂಗಳೂರಿನಲ್ಲಿ 'ಸರ್ವೆಂಟ್ಸ್ ಆಫ್ ನಾಲೆಜ್' ಎಂಬ ಹೆಸರಿನಿಂದ ಕೆಲಸಮಾಡುತ್ತಿರುವವರು ಹಳೆಯ ಕನ್ನಡ ಪುಸ್ತಕಗಳನ್ನು ಹೊಸ ಯಂತ್ರಗಳಿಂದ ಚೊಕ್ಕಟವಾಗಿ ಚಿತ್ರ ತೆಗೆದು ಅದೇ ಇಂಟರ್ನೆಟ್ ಆರ್ಕೈವಿಗೆ ಸೇರಿಸುತ್ತಿರುವರು. ಹಿಂದಿನ ಚಿತ್ರಗಳಲ್ಲಿ ಅಂಚು ಕತ್ತರಿಸಿಹೋದ, ನಡುನಡುವೆ ಪುಟವೇ ಇಲ್ಲದ ಪ್ರತಿಗಳನ್ನು ಕಂಡು ಬೇಸತ್ತವರಿಗೆ ಇವು ಕಣ್ಣಿಗೆ ತಂಪು. ತರಗತಿಗೆ ಒಯ್ಯುವ ಮೊದಲು ಪುಟಸಂಖ್ಯೆಗಳನ್ನು ಒಮ್ಮೆ ಎಣಿಸಿ ನೋಡಿಕೊಳ್ಳುವುದು ಮಾತ್ರ ಇಂದಿಗೂ ಕ್ಷೇಮ.

ಪುಟದ ಚಿತ್ರವನ್ನು ಓದಬಹುದು, ಅದರಲ್ಲಿ ಹುಡುಕಲಾಗದು. ಹುಡುಕುವಂತೆ ಮಾಡಿದುದರಲ್ಲಿ ಕನ್ನಡಕ್ಕೆ ಮೊದಲ ದೊಡ್ಡ ಮಾದರಿ 'ವಚನ ಸಂಚಯ'. ಹತ್ತು ವರ್ಷಗಳಿಗೂ ಹಿಂದೆ ಓಂಶಿವಪ್ರಕಾಶರೂ ಅವರ ಸಂಗಡಿಗರೂ, ಓ. ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಮೊದಲಾದ ಸಾಹಿತಿಗಳ ನೆರವಿನಿಂದ ಇದನ್ನು ಕಟ್ಟಿದರು. ಇನ್ನೂರಕ್ಕೂ ಮೇಲ್ಪಟ್ಟ ವಚನಕಾರರ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಇಲ್ಲಿವೆ. ಒಂದು ಪದವನ್ನು ಕೊಟ್ಟರೆ ಅದು ಯಾರ ಯಾರ ಯಾವ ಯಾವ ವಚನಗಳಲ್ಲಿ ಎಷ್ಟೆಷ್ಟು ಸಲ ಬಂದಿದೆಯೆಂಬುದು ಕ್ಷಣದಲ್ಲಿ ತಿಳಿಯುವುದು. ಹಿಂದೆ ಇಂತಹ ಪದಪ್ರಯೋಗಕೋಶವನ್ನು ಸಿದ್ಧಪಡಿಸಲು ಒಬ್ಬ ವಿದ್ವಾಂಸನ ಆಯುಸ್ಸು ಸವೆಯುತ್ತಿದ್ದಿತು.

ಇದರಿಂದ ಪಾಠದ ರೀತಿಯೇ ಬೇರೆಯಾಗುವುದೆಂಬುದನ್ನು ಅನುಭವದಿಂದ ಹೇಳಬಲ್ಲೆನು. 'ಕಾಯಕ' ಎಂಬ ಮಾತನ್ನು ತೆಗೆದುಕೊಳ್ಳಿರಿ. ಮೊದಲಾದರೆ ಅಧ್ಯಾಪಕನು ಅದರ ಅರ್ಥವನ್ನು ಹೇಳುವನು, ಮಕ್ಕಳು ಬರೆದುಕೊಳ್ಳುವರು, ಅಲ್ಲಿಗೆ ಮುಗಿಯಿತು. ಈಗ ಮಕ್ಕಳನ್ನು ಗುಂಪುಮಾಡಿ, ಒಂದು ಗುಂಪಿಗೆ ಬಸವಣ್ಣನವರನ್ನು, ಇನ್ನೊಂದಕ್ಕೆ ಅಲ್ಲಮಪ್ರಭುವನ್ನು, ಮತ್ತೊಂದಕ್ಕೆ ಆಯ್ದಕ್ಕಿ ಲಕ್ಕಮ್ಮನನ್ನು ಕೊಟ್ಟು, ಆ ಪದವೂ ಅದಕ್ಕೆ ಹತ್ತಿರದ ಪದಗಳೂ ಎಲ್ಲೆಲ್ಲಿ ಬಂದಿವೆ, ಅಕ್ಕಪಕ್ಕದಲ್ಲಿ ಯಾವ ಮಾತುಗಳಿವೆ ಎಂದು ತೆಗೆಯಿಸಿದರೆ, ಒಂದೇ ಪದವು ಒಬ್ಬೊಬ್ಬರ ಬಾಯಲ್ಲಿ ಹೇಗೆ ಬೇರೆಯಾಗುವುದೆಂಬುದನ್ನು ಅವರೇ ಕಂಡುಕೊಳ್ಳುವರು. ಪಠ್ಯಪುಸ್ತಕದಲ್ಲಿ ಎಂದೂ ಬಾರದ ವಚನಕಾರ್ತಿಯರ ಹೆಸರುಗಳು ಈ ಹುಡುಕಾಟದಲ್ಲಿ ತಾವಾಗಿಯೇ ಎದುರಿಗೆ ಬರುವುವು.

ಆದರೆ ಇಲ್ಲಿಯೇ ಎಚ್ಚರಿಕೆಯೂ ಬೇಕು. ಎಣಿಕೆಯು ನೆಚ್ಚಬಹುದಾದುದು, ಎಣಿಸಿದ ಪಾಠವು ನೆಚ್ಚಬಹುದಾದುದಾದರೆ ಮಾತ್ರ. ವಚನಗಳು ಹನ್ನೆರಡನೆಯ ಶತಮಾನದವಾದರೂ ನಮಗೆ ದೊರೆತ ಓಲೆಕಟ್ಟುಗಳು ಬಹುಮಟ್ಟಿಗೆ ಶತಮಾನಗಳ ಈಚಿನವು. ಪಾಠಾಂತರಗಳೂ, ಪ್ರಕ್ಷಿಪ್ತವೆಂದು ಸಂಶಯಪಡಬೇಕಾದ ವಚನಗಳೂ, ಅಂಕಿತವನ್ನು ಕುರಿತ ವಿವಾದಗಳೂ ಉಂಟು. ಅಚ್ಚಿನ ಸಂಪುಟದಲ್ಲಿ ಸಂಪಾದಕನು ಅಡಿಟಿಪ್ಪಣಿಯಲ್ಲಿ ಹೇಳಿದ ಅನುಮಾನವು ಹುಡುಕುತಾಣದ ಫಲಿತಾಂಶದಲ್ಲಿ ಕಾಣುವುದಿಲ್ಲ. ಎಲ್ಲವೂ ಒಂದೇ ತೂಕದ್ದಾಗಿ ಸಾಲುಗಟ್ಟಿ ನಿಲ್ಲುವುದು. ಪದವು ಹತ್ತು ಸಲ ಬಂದಿದೆಯೆಂದು ಹುಡುಗನು ತಂದು ಒಪ್ಪಿಸಿದಾಗ, ಆ ಹತ್ತರಲ್ಲಿ ಎಷ್ಟು ನಿಸ್ಸಂದೇಹವಾದವೆಂದು ಕೇಳುವವನು ಅಧ್ಯಾಪಕನೇ ಆಗಬೇಕು. ಅದಕ್ಕೆ ಎಂ. ಎಂ. ಕಲಬುರ್ಗಿಯವರೇ ಮೊದಲಾದವರು ಸಂಪಾದಿಸಿದ ಸಮಗ್ರ ವಚನ ಸಂಪುಟಗಳು ಪಕ್ಕದಲ್ಲಿರಲೇಬೇಕು. 'ಇಗೋ ಕನ್ನಡ'ದ ಉತ್ತರದ ಹಿಂದೆ ಹೊಣೆ ಹೊತ್ತ ಮನುಷ್ಯನಿದ್ದನೆಂದು ಮೇಲೆ ಹೇಳಿದುದು ಈ ಅಭಿಪ್ರಾಯದಿಂದಲೇ.

ಕುಮಾರವ್ಯಾಸನ ಭಾರತವನ್ನೂ ಸಾಹಿತ್ಯಪ್ರಿಯರು ಕೂಡಿ ಬೆರಳಚ್ಚುಮಾಡಿ ಜಾಲಕ್ಕೆ ಸೇರಿಸಿರುವರು. ಇದನ್ನು ಪಾಠಕ್ಕೆ ಬಳಸುವಾಗ ನಾನು ಕಂಡುಕೊಂಡ ಒಂದು ಉಪಾಯವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಭಾಮಿನೀ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಮೂರು ನಾಲ್ಕು ಮೂರು ನಾಲ್ಕು ಎಂದು ಹದಿನಾಲ್ಕು ಮಾತ್ರೆಗಳು, ಮೂರು, ಆರನೆಯ ಪಾದಗಳಲ್ಲಿ ಅದೇ ಕ್ರಮ ಮುಂದುವರಿದು ಕೊನೆಗೊಂದು ಗುರುವಿನೊಡನೆ ಇಪ್ಪತ್ತಮೂರು, ಒಟ್ಟು ನೂರೆರಡು. ಆರು ಪಾದಗಳಿಗೂ ಆದಿಪ್ರಾಸ. ಬೆರಳಚ್ಚಿನಲ್ಲಿ ಒಂದು ದೀರ್ಘವು ಹ್ರಸ್ವವಾದರೆ, ಒಂದು ಒತ್ತಕ್ಷರ ಬಿದ್ದುಹೋದರೆ, ಲೆಕ್ಕ ತಪ್ಪುವುದು. ಆದುದರಿಂದ ಜಾಲದಿಂದ ತೆಗೆದ ಪದ್ಯವನ್ನು ಹಾಗೆಯೇ ಮಕ್ಕಳ ಮುಂದಿಟ್ಟು, 'ಇದರಲ್ಲಿ ತಪ್ಪಿರಬಹುದು, ಮಾತ್ರೆಯೆಣಿಸಿ ಹಿಡಿಯಿರಿ' ಎಂದರೆ, ಛಂದಸ್ಸೆಂದರೆ ಮುಖ ಸಿಂಡರಿಸುವ ಹುಡುಗರೂ ಬೇಟೆಗೆ ಹೊರಟವರಂತೆ ಕುಳಿತು ಪ್ರಸ್ತಾರ ಹಾಕುವರು. ದಕಾರ ಧಕಾರಗಳು, ಬಕಾರ ಭಕಾರಗಳು ಅದಲುಬದಲಾದರೆ ಮಾತ್ರ ಮಾತ್ರೆಯ ಜಾಲಕ್ಕೆ ಆ ಮೀನು ಸಿಕ್ಕದು. ಅದಕ್ಕೆ ಅರ್ಥವನ್ನೇ ನೋಡಬೇಕು. ಯಂತ್ರವೇ ಅಚ್ಚಿನ ಪುಟವನ್ನು ಓದಿ ಅಕ್ಷರಮಾಡಿಕೊಡುವ ತಂತ್ರಗಳು ಈಗ ಬಂದಿವೆ. ವಿಜ್ಞಾನ ಸಂಸ್ಥೆಯಲ್ಲಿಯೂ ಕನ್ನಡಕ್ಕಾಗಿ ಇಂತಹುದನ್ನು ರೂಪಿಸಿರುವರು. ಹಳೆಯ ಮೊಳೆಯಚ್ಚಿನ ಪುಟಗಳಲ್ಲಿ ಅನುಸ್ವಾರಕ್ಕೂ ಸೊನ್ನೆಗೂ, ರಕಾರಕ್ಕೂ ಠಕಾರಕ್ಕೂ ಯಂತ್ರವು ತಡವರಿಸುವುದುಂಟಾದುದರಿಂದ, ಈ ಬೇಟೆಗೆ ಬಹುಕಾಲ ಕೊರತೆಯಾಗಲಾರದು.

ಶಾಲೆಗಳ ಕಡೆಗೆ ತಿರುಗಿದರೆ, ಜಯನಗರದ ನಾಲ್ಕನೆಯ 'ಟಿ' ಬ್ಲಾಕಿನಲ್ಲಿರುವ 'ಐಟಿ ಫಾರ್ ಚೇಂಜ್' ಸಂಸ್ಥೆಯ ಕೆಲಸವನ್ನು ಉಲ್ಲೇಖಿಸಬೇಕು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೊಡನೆ ಸೇರಿ ಈ ಸಂಸ್ಥೆಯವರು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳೆಂಬ ತಾಣವನ್ನು ೨೦೧೩ರ ಹೊತ್ತಿಗೆ ಮೊದಲುಮಾಡಿದರು. ಪಾಠದ ಟಿಪ್ಪಣಿಗಳನ್ನು ಮೇಲಿನಿಂದ ಯಾರೋ ಬರೆದು ಕಳುಹಿಸುವ ಬದಲು, ಸರ್ಕಾರಿ ಪ್ರೌಢಶಾಲೆಗಳ ಅಧ್ಯಾಪಕರೇ ಬರೆದು, ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದುವ ಏರ್ಪಾಡು ಇದು. ಗಣಿತ, ವಿಜ್ಞಾನಗಳಿಗೆ ಹೋಲಿಸಿದರೆ ಕನ್ನಡದ ಭಾಗ ಈಚಿನದು. ಗುಣವು ಏಕರೂಪವಾಗಿಲ್ಲ: ಕೆಲವು ಪಾಠಗಳಲ್ಲಿ ಕವಿಪರಿಚಯ, ಕಠಿನಪದಗಳ ಅರ್ಥ, ಪ್ರಶ್ನೋತ್ತರಗಳಿಗಿಂತ ಹೆಚ್ಚೇನೂ ಇಲ್ಲ, ಮತ್ತೆ ಕೆಲವು ಹಳ್ಳಿಯ ಶಾಲೆಯಲ್ಲಿ ನಿಜವಾಗಿ ನಡೆದ ಪಾಠದ ಬಿಸಿಯನ್ನು ಉಳಿಸಿಕೊಂಡಿವೆ. ಇವರದೇ 'ಕಥೆ ಖಜಾನೆ'ಯ ಕೇಳುಗತೆಗಳನ್ನು, ಮನೆಯಲ್ಲಿ ಕನ್ನಡವಾಡದ ಮಕ್ಕಳು ಹೆಚ್ಚಾಗಿರುವ ಬಿ. ಟಿ. ಎಂ. ಬಡಾವಣೆಯಂತಹ ಕಡೆಗಳಲ್ಲಿ, ಓದಿಗಿಂತ ಮೊದಲು ಕಿವಿಯನ್ನು ಪಳಗಿಸಲು ಬಳಸಬಹುದು. ಕರ್ನಾಟಕ ಜ್ಞಾನ ಆಯೋಗದಿಂದ ಹುಟ್ಟಿದ 'ಕಣಜ'ವನ್ನೂ, ಮುಕ್ತ ಪರವಾನಗಿಯಲ್ಲಿ ೨೦೧೪ರಲ್ಲಿ ಜಾಲಕ್ಕೆ ಬಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳನ್ನೂ ಬಲ್ಲವರು ಬಳಸಿಯೇ ಇರುವರು.

ಇನ್ನು ಹೇಳಬೇಕಾದುದು ಅಷ್ಟು ಹಿತವಲ್ಲದ ಸಂಗತಿ. ನಮ್ಮ ಗ್ರಂಥಸ್ವಾಮ್ಯದ ಕಾಯಿದೆ ೧೯೫೭ರದು. ಲೇಖಕನು ತೀರಿಕೊಂಡ ಮೇಲೆ ಐವತ್ತು ವರ್ಷ ಇದ್ದ ಹಕ್ಕನ್ನು ೧೯೯೨ರ ತಿದ್ದುಪಡಿಯು ಅರವತ್ತಕ್ಕೆ ಏರಿಸಿತು; ಮರಣದ ಮರುವರ್ಷದ ಮೊದಲ ದಿನದಿಂದ ಎಣಿಕೆ. ಬಿ. ಎಂ. ಶ್ರೀಯವರೂ ಕೈಲಾಸಂ ಅವರೂ ೧೯೪೬ರಲ್ಲಿ ತೀರಿಕೊಂಡುದರಿಂದ ಅವರ ಬರಹಗಳು ೨೦೦೭ರಿಂದ ಎಲ್ಲರ ಸೊತ್ತಾಗಿವೆ. ೧೯೬೬ರಲ್ಲಿ ತೀರಿಕೊಂಡ ತೀ. ನಂ. ಶ್ರೀಕಂಠಯ್ಯನವರ ಹಕ್ಕು ೨೦೨೬ರ ಕೊನೆಗೆ ಮುಗಿಯುತ್ತದೆ. ಡಿ. ವಿ. ಗುಂಡಪ್ಪನವರದು ೨೦೩೫ರ ಕೊನೆಗೆ, ಬೇಂದ್ರೆಯವರದು ೨೦೪೧ರ ಕೊನೆಗೆ, ಮಾಸ್ತಿಯವರದು ೨೦೪೬ರ ಕೊನೆಗೆ, ಕುವೆಂಪು ಅವರದು ೨೦೫೪ರ ಕೊನೆಗೆ. ಬನಶಂಕರಿಯಲ್ಲಿ ವಾಸವಾಗಿದ್ದು ೨೦೧೩ರಲ್ಲಿ ತೀರಿಕೊಂಡ ಜಿ. ಎಸ್. ಶಿವರುದ್ರಪ್ಪನವರ ಕವಿತೆಗಳು ೨೦೭೩ರವರೆಗೆ ಹಕ್ಕಿನೊಳಗಿರುವುವು.

ಇದರ ಫಲವನ್ನು ನೋಡಿರಿ. ಸಾವಿರ ವರ್ಷ ಹಿಂದಿನ ಪಂಪನು ನಮ್ಮ ಬಡಾವಣೆಯ ಹುಡುಗಿಗೆ ಕಾಸಿಲ್ಲದೆ ದೊರೆಯುವನು. ಅವಳ ಅಜ್ಜನು ಮುಂಜಾನೆಯ ನಡಿಗೆಯಲ್ಲಿ ಕಂಡು ನಮಸ್ಕರಿಸುತ್ತಿದ್ದ ಕವಿಯು ದೊರೆಯನು. ಅವಳಿಗೆ ಸುಲಭವಾಗಿ ಅರ್ಥವಾಗುವ ಕನ್ನಡವು ಬೀಗದೊಳಗೆ, ಗುರುವಿಲ್ಲದೆ ತಿಳಿಯದ ಕನ್ನಡವು ಬಯಲಿನಲ್ಲಿ. ಲೇಖಕರ ಮನೆಯವರ ಹಕ್ಕನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುವುದಿಲ್ಲ; ಕನ್ನಡದ ಲೇಖಕನಿಗೆ ಬದುಕಿದ್ದಾಗ ಬಂದುದೆಷ್ಟೆಂಬುದನ್ನು ಎಲ್ಲರೂ ಬಲ್ಲರು. ಆದರೆ ಮಾರಾಟವೇ ನಿಂತುಹೋಗಿ, ಮರುಮುದ್ರಣವನ್ನೂ ಕಾಣದೆ ಇರುವ ಪುಸ್ತಕಗಳ ವಿಷಯದಲ್ಲಿ ಈ ಹಕ್ಕು ಯಾರನ್ನು ಕಾಯುತ್ತಿದೆ? ವಿಶ್ವಕೋಶಕ್ಕೆ ಒಂದು ವಿಶ್ವವಿದ್ಯಾನಿಲಯವು ಮಾಡಿದಂತೆ, ಅಂತಹ ಪುಸ್ತಕಗಳನ್ನು ಹಕ್ಕುದಾರರೇ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಡುವುದಕ್ಕೆ ಕಾಯಿದೆಯ ಅಡ್ಡಿಯೇನೂ ಇಲ್ಲ. ಪಾಠಹೇಳುವ ಸಂದರ್ಭದಲ್ಲಿ ಅಧ್ಯಾಪಕನು ಕೃತಿಯನ್ನು ನಕಲು ಮಾಡಿಕೊಡಬಹುದೆಂದು ಅದೇ ಕಾಯಿದೆಯ ಐವತ್ತೆರಡನೆಯ ಪ್ರಕರಣದಲ್ಲಿದೆ. ದಿಲ್ಲಿಯ ವಿಶ್ವವಿದ್ಯಾನಿಲಯದ ಮೊಕದ್ದಮೆಯಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು ೨೦೧೬ರಲ್ಲಿ ಇದನ್ನು ಎತ್ತಿಹಿಡಿಯಿತು. ತರಗತಿಯ ನಾಲ್ಕು ಗೋಡೆಗಳೊಳಗೆ ಹಂಚುವುದಕ್ಕೆ ಅಂಜಬೇಕಾಗಿಲ್ಲ. ಲೋಕಕ್ಕೆಲ್ಲ ಹಂಚುವಂತಿಲ್ಲ, ಅಷ್ಟೆ.

ಮುದ್ರಿತ ಗ್ರಂಥವೂ ಓಲೆಯೂ ಅಲ್ಲದ ಪಠ್ಯವೊಂದು ನಮ್ಮ ನೆರೆಯಲ್ಲಿಯೇ ಇದೆ; ಅದನ್ನು ಹೇಳದೆ ಈ ಬರಹವನ್ನು ನಿಲ್ಲಿಸಲಾರೆನು. ಬಿ. ಟಿ. ಎಂ. ಬಡಾವಣೆಯಿಂದ ತೆಂಕಣಕ್ಕೆ ಕೆಲವೇ ಮೈಲಿಗಳಾಚೆ ಬೇಗೂರಿದೆ. ಅಲ್ಲಿಯ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ. ಶ. ೮೯೦ರ ಕಾಲದ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರಿನ ಹೆಸರೂ ಅಲ್ಲಿ ನಡೆದ ಕಾಳಗವೂ ಉಕ್ತವಾಗಿವೆ. ರೈಸ್ ದೊರೆಗಳು ಬೆಂಗಳೂರು ಜಿಲ್ಲೆಯ ಶಾಸನಸಂಪುಟವನ್ನು ೧೯೦೫ರಲ್ಲಿ ಪ್ರಕಟಿಸಿದರು. ಅದರಲ್ಲಿ ಹೆಸರಿಸಿದ ಕಲ್ಲುಗಳಲ್ಲಿ ಅನೇಕವು ಊರು ಬೆಳೆದಂತೆ ಅಡಿಪಾಯಗಳಿಗೂ ರಸ್ತೆಗಳಿಗೂ ಆಹುತಿಯಾದುವು. ಉಳಿದವನ್ನಾದರೂ ಕಾಪಾಡಬೇಕೆಂದು, ೧೯೦೯ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ೨೦೨೧ರಿಂದ ಬೆಂಗಳೂರಿನ ಸುತ್ತಣ ಶಾಸನಶಿಲೆಗಳನ್ನು ಮೂರು ಆಯಾಮಗಳಲ್ಲಿ ಬೆಳಕಿನಿಂದ ಅಳೆದು, ಒಂದೊಂದು ಅಕ್ಷರದ ಗೆರೆಯೂ ಸವೆತವೂ ಕಾಣುವಂತಹ ಪ್ರತಿರೂಪಗಳನ್ನು ಜಾಲಕ್ಕೆ ಸೇರಿಸುತ್ತ ಬಂದಿದೆ. ಕಲ್ಲಿನ ಮೇಲೆ ಬರಿಗಣ್ಣಿಗೆ ತಿಳಿಯದ ಅಕ್ಷರವು ಆ ಪ್ರತಿರೂಪದಲ್ಲಿ ಬೆಳಕನ್ನು ಓರೆಮಾಡಿದೊಡನೆ ಎದ್ದು ಕಾಣುವುದು. ಹಳಗನ್ನಡವನ್ನು ಆರಂಭಿಸುವ ಅಧ್ಯಾಪಕನು ಮೊದಲ ದಿನ ಮಕ್ಕಳನ್ನು ಬೇಗೂರಿಗೆ ಕರೆದೊಯ್ದು ಕಲ್ಲನ್ನು ತೋರಿಸಿ, ಮರುದಿನ ತರಗತಿಯಲ್ಲಿ ಇಂತಹ ಪ್ರತಿರೂಪವೊಂದನ್ನು ತೆರೆದು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿಸಬಹುದು. ಅಕ್ಷರಗಳು ಇಂದಿನ ರೂಪದವಲ್ಲವಾದುದರಿಂದ ಮೊದಲ ಅರ್ಧ ಗಂಟೆ ಯಾರಿಗೂ ಏನೂ ತಿಳಿಯುವುದಿಲ್ಲ. ಆಮೇಲೆ ಯಾರೋ ಒಬ್ಬ ಹುಡುಗನು ಮಕಾರವನ್ನೋ ಗಕಾರವನ್ನೋ ಗುರುತು ಹಿಡಿಯುವನು.